ಒಳಗಿನ ಚಿಲಕಕ್ಕೊಂದು ಚೀಟಿ

ಆ ಭಾನುವಾರ ನಾವು ಮನೆ ಬಿಟ್ಟಾಗ ಬೆಳಗಿನ ಹತ್ತು ಗಂಟೆ. ರಾಯಾಪುರದ ನಮ್ಮ ಎರಡು ಖೋಲಿಯ ಮನೆಗೆ ಬೀಗ ಹಾಕಿ ಕೀಲಿಯನ್ನು ನಾನು ಸೆರಗಿಗೆ ಕಟ್ಟಿಕೊಂಡೆ. ತಂಗಿ ತನ್ನ ಚೀಲದಲ್ಲಿ ಮೂರು ಸಾಮಾನು ಇವೆಯೇ ಎಂದು ನೋಡಿಕೊಂಡಳು: ನೀಲಿ ರಟ್ಟಿನ ನೋಟುಬುಕ್ಕು, ಮೊಬೈಲು, ಒಂದು ಮೊಳ ಸುತಳಿ. ಎದುರುಮನೆಯಾಕೆ ಕಟ್ಟೆಯ ಮೇಲೆ ಮೆಂತ್ಯಪಲ್ಲೆ ಬಿಡಿಸುತ್ತ, ಇಬ್ಬರೂ ಎಲ್ಲಿಗೆ ಹೊರಟಿರಿ ಎಂದು ಕೇಳಿದಳು. ಸೀರೆ ನೋಡಲು ಎಂದೆ. ತಂಗಿ ನನ್ನ ಮುಖ ನೋಡಿದಳು. ಬಸ್ಸಿನಲ್ಲಿ ಕುಳಿತ ಮೇಲೆ ಅಂದಳು.

"ಅಕ್ಕಾ, ನೀ ಹೇಳಿದ್ದು ಖರೇ ಆಗಿದ್ರ ಇಷ್ಟೊತ್ತಿಗೆ ನಮ್ಮ ಮನ್ಯಾಗ ಸೀರಿ ಅಂಗಡೀನ ತಗೀಬಹುದಿತ್ತು ನೋಡು. ವಾರಾ ವಾರಾ ಖರೀದಿ."

ನಾವು ಹೊರಟಿದ್ದು ಸಾರ್ವಜನಿಕ ಶೌಚಾಲಯಗಳನ್ನು ನೋಡಲು. ಅದನ್ನು ಎದುರುಮನೆಯಾಕೆಗೆ ಹೇಳಲು ನನಗೆ ನಾಚಿಕೆ. ಈಗ ಆ ನಾಚಿಕೆಯನ್ನು ನೆನೆದರೆ ನನ್ನ ಬಗ್ಗೆಯೇ ಹೇಸಿಗೆಯಾಗುತ್ತದೆ.

ತಂಗಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಳು, ಮದುವೆಯಾಗಿರಲಿಲ್ಲ. ನಾನು ಹತ್ತನೆಯ ಇಯತ್ತೆ ಓದಿದವಳು. ಗಂಡ ತೀರಿಕೊಂಡ ಮೇಲೆ ಧಾರವಾಡದ ಒಂದು ಸರಕಾರಿ ಕಚೇರಿಯಲ್ಲಿ ಕಡತ ಹೊರುವ ದಲಾಯತ್ ಕೆಲಸಕ್ಕೆ ಸೇರಿದೆ. ಆಮೇಲೆ ನಾವಿಬ್ಬರೇ ಒಂದು ಮನೆಯಾದೆವು. ಎರಡು ವರ್ಷದಿಂದ ಆಕೆ ನಕಾಶೆ ಮಾಡುವವರ ಗುಂಪೊಂದರಲ್ಲಿ ಸೇರಿದ್ದಳು. ಇಂಟರ್ನೆಟ್ಟಿನ ಮೇಲಿರುವ ಆ ನಕಾಶೆಯನ್ನು ಯಾವ ಕಂಪನಿಯೂ ಮಾಡುವುದಿಲ್ಲ. ಸಂಬಳವಿಲ್ಲದೆ ಜನರೇ ತಮ್ಮ ತಮ್ಮ ಓಣಿ, ಕೆರೆ, ಗುಡಿ, ದವಾಖಾನೆಗಳನ್ನು ಅದರಲ್ಲಿ ತುಂಬುತ್ತಾರೆ. ನಮ್ಮ ಅವಳಿ ಊರಿನ ಗುಂಪಿನಲ್ಲಿ ಹತ್ತು ಹನ್ನೆರಡು ಜನ. ವಿದ್ಯಾನಗರದಲ್ಲಿ ಒಂದು ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಹದಿನೈದು ದಿನಕ್ಕೊಮ್ಮೆ ಶನಿವಾರ ಮಧ್ಯಾಹ್ನ ಸೇರುತ್ತಿದ್ದರು. ನಿವೃತ್ತ ಇಂಜಿನಿಯರರೊಬ್ಬರು ಹಿರಿಯರಾಗಿ ನಡುವೆ ಕೂಡುತ್ತಿದ್ದರು.

ನಕಾಶೆಯ ಮೇಲೆ ಚುಕ್ಕೆ ಇಟ್ಟರೆ ಸಾಲದು. ಆ ಚುಕ್ಕೆ ಏನು ಎಂದು ಹೇಳುವ ಗುರುತನ್ನೂ ಹಚ್ಚಬೇಕು. ಗುಂಪಿನವರು ಅದಕ್ಕೆ ಟ್ಯಾಗ್ ಎನ್ನುತ್ತಿದ್ದರು, ತಂಗಿ ಚೀಟಿ ಎನ್ನುತ್ತಿದ್ದಳು. ಒಬ್ಬ ಖಾನಾವಳಿ ಎಂದೂ ಇನ್ನೊಬ್ಬ ಊಟದ ಹೋಟೆಲ್ ಎಂದೂ ಚೀಟಿ ಹಚ್ಚಿದರೆ, ಹುಡುಕುವವನಿಗೆ ಅರ್ಧ ಊರಷ್ಟೇ ಕಾಣುತ್ತದೆ. ಆದ್ದರಿಂದ ಎಲ್ಲರೂ ಕೂಡಿ ಒಂದು ವಸ್ತುವಿಗೆ ಒಂದೇ ಚೀಟಿ ಎಂದು ಒಪ್ಪಬೇಕು. ನನಗೆ ತಿಳಿಯಲಿ ಎಂದು ಆಕೆ ತನ್ನ ಶಾಲೆಯ ಪ್ರಯೋಗಶಾಲೆಯ ಮಾತು ಹೇಳಿದ್ದಳು. ಒಂದೇ ಆ್ಯಸಿಡ್ಡಿನ ಎರಡು ಬಾಟಲಿಗೆ ಎರಡು ಬಗೆಯ ಚೀಟಿ ಹಚ್ಚಿದರೆ ಒಂದಲ್ಲ ಒಂದು ದಿನ ಯಾವುದೋ ಮಗುವಿನ ಕೈ ಸುಡುತ್ತದೆ ಎಂದು.

ಶೌಚಾಲಯಗಳನ್ನು ಆಕೆ ತಾನಾಗಿಯೇ ತೆಗೆದುಕೊಂಡಿದ್ದಳು. ಬೇರೆ ಯಾರೂ ಕೇಳಿರಲಿಲ್ಲ. ನಕಾಶೆಯಲ್ಲಿ ಅವಕ್ಕೆಲ್ಲ ಒಂದೇ ಚೀಟಿಯಿತ್ತು: ಶೌಚಾಲಯ. ಅದು ತೆರೆಯುತ್ತದೆಯೋ, ಹೆಂಗಸರ ಕಡೆ ಎಂಬುದು ಇದೆಯೋ, ಇದ್ದರೆ ಹೋಗಲು ಬರುತ್ತದೆಯೋ, ಯಾವುದೂ ಇರಲಿಲ್ಲ. ಆಕೆ ಹೇಳುತ್ತಿದ್ದುದು ಒಂದೇ ಮಾತು: ಹೊಲಸಿದ್ದರೂ ಹೆಣ್ಣುಮಗಳು ಮೂಗು ಮುಚ್ಚಿಕೊಂಡು ಹೋಗಿ ಬರುತ್ತಾಳೆ; ಒಳಗೆ ಚಿಲಕವಿಲ್ಲದಿದ್ದರೆ ಹೋಗುವುದಿಲ್ಲ.

ನಾವು ನೋಡುವ ರೀತಿ ಹೀಗಿತ್ತು. ಬಾಗಿಲ ಮುಂದೆ ನಿಂತು ನಾನು ಮೂರು ಸಲ ಕೆಮ್ಮುತ್ತಿದ್ದೆ. ಅದು ನಮ್ಮಜ್ಜಿಯಿಂದ ಬಂದದ್ದು. ಅಜ್ಜಿ ಮುನ್ಸಿಪಾಲಿಟಿಯಲ್ಲಿ ಕಕ್ಕಸು ತೊಳೆಯುತ್ತಿದ್ದಳು. ಒಳಗಿದ್ದವರಿಗೆ ತಿಳಿಯಲೆಂದು ಕೆಮ್ಮಿ, ಉಸಿರು ಹಿಡಿದು ಕಾಯುತ್ತಿದ್ದಳಂತೆ. ಕೆಮ್ಮಿದ ಮೇಲೆ ತಂಗಿ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ನಾನು ಹೊರಗಿನಿಂದ ಅಂಗೈ ಇಟ್ಟು ಜೋರಾಗಿ ದೂಡುತ್ತಿದ್ದೆ. ಬಾಗಿಲು ನಿಂತರೆ ನೋಟುಬುಕ್ಕಿನಲ್ಲಿ ತುಂಬಿದ ಗೋಲ. ಸುತಳಿ ಕಟ್ಟಿಯೋ, ಹೊರಗೆ ಒಬ್ಬರು ಹಿಡಿದೋ ನಿಲ್ಲಿಸಬೇಕಾದರೆ ಅರ್ಧ ತುಂಬಿದ ಗೋಲ. ಏನು ಮಾಡಿದರೂ ಆಗದಿದ್ದರೆ ಖಾಲಿ ಗೋಲ.

ಆ ಭಾನುವಾರ ನಾಲ್ಕು ನೋಡಿದೆವು. ಮೊದಲನೆಯದರ ಹೆಂಗಸರ ಕಡೆ ಸಿಮೆಂಟಿನ ಚೀಲ ಪೇರಿಸಿದ್ದರು. ಎರಡನೆಯದರಲ್ಲಿ ಕಾವಲಿನವನ ಮಂಚವಿತ್ತು, ಮಂಚದ ಕೆಳಗೆ ಅವನ ಊಟದ ಡಬ್ಬಿ. ಮೂರನೆಯದು ಹೊಸದು. ಬಿಳಿ ಟೈಲ್ಸು, ನಲ್ಲಿಯಲ್ಲಿ ನೀರು, ಗೋಡೆಗೆ ಸ್ವಚ್ಛತೆಯ ಘೋಷಣೆ. ಆದರೆ ಒಳಗಿನ ಚಿಲಕವನ್ನು ಬಿಚ್ಚಿ ಹೊರಗೆ ಜಡಿದಿದ್ದರು. ಹೀಗೇಕೆ ಎಂದು ತಂಗಿ ಕೇಳಿದ್ದಕ್ಕೆ, ಒಳಗೆ ಹೋದವರು ಲಗೂ ಹೊರಗೆ ಬರುವುದಿಲ್ಲ ಎಂದು ಅಲ್ಲಿದ್ದವನು ಹಲ್ಲು ಕಿರಿದ. ಹೊರಗಿನ ಚಿಲಕ ಅವನ ಕೈಗೆ ಎಟುಕುವಂತಿತ್ತು. ತಂಗಿ ಖಾಲಿ ಗೋಲ ಬರೆದಳು, ಬರೆಯುವಾಗ ಪೆನ್ನಿನ ಮೊನೆಗೆ ಕಾಗದ ಹರಿಯಿತು. ನಾಲ್ಕನೆಯದರಲ್ಲಿ ಚಿಲಕ ಸರಿಯಾಗಿತ್ತು. ಆಕೆ ಒಳಗಿನಿಂದಲೇ, "ದೂಡು, ಇನ್ನೂ ಜೋರ ದೂಡು" ಎಂದು ನಕ್ಕಳು.

ಐದನೆಯದು ಸಂತೆಯ ಹಿಂದೆ. ದೂರದಿಂದಲೇ ವಾಸನೆ ಬಡಿಯಿತು. ನಾನು ಮುಂದೆ ಹೆಜ್ಜೆ ಇಡಲಿಲ್ಲ. ಸಾಕು, ಇದು ಮುಂದಿನ ವಾರಕ್ಕಿರಲಿ ಎಂದೆ. ಆಕೆ ಆ ಸಾಲಿನಲ್ಲಿ ಗೋಲ ಬರೆಯದೆ ಜಾಗ ಬಿಟ್ಟಳು. ಮರಳುವಾಗ ಚಹಾ ತೆಗೆದುಕೊಂಡೆವು. ಎಂದಿನಂತೆ ಅರ್ಧ ಕಪ್ಪು ಕುಡಿದು ಉಳಿದದ್ದನ್ನು ನನಗೆ ಕೊಟ್ಟಳು. ಹೊರಗೆ ಹೋದಾಗ ಆಕೆ ಯಾವುದನ್ನೂ ಪೂರ್ತಿ ಕುಡಿದದ್ದು ನಾನು ನೋಡಿಲ್ಲ. ಆಕೆಯ ಶಾಲೆಯ ನೀರಿನ ಬಾಟಲಿ ಸಂಜೆ ಮನೆಗೆ ಬರುವಾಗಲೂ ತುಂಬಿಯೇ ಇರುತ್ತಿತ್ತು. ಆ ನೀರನ್ನು ನಾನು ತುಳಸಿಗೆ ಹಾಕುತ್ತಿದ್ದೆ.

ಸಂಜೆ ಆಕೆ ಮಾಡಿದ ಒಂದು ಕೆಲಸವನ್ನು ಇಲ್ಲಿ ಹೇಳಲೇಬೇಕು. ಗುಂಪಿನವರಿಗೆ ಆಕೆಯ ಮೇಲೊಂದು ದೂರಿತ್ತು, ಆ ದೂರು ಸುಳ್ಳಾಗಿರಲಿಲ್ಲ. ಮೊದಮೊದಲು ಆಕೆ ನಕಾಶೆಯಲ್ಲಿ ಒಂದು ಕಡೆ ಚಿಲಕ ಇಲ್ಲ ಎಂದೂ, ಇನ್ನೊಂದು ಕಡೆ ಬೋಲ್ಟ್ ಮುರಿದಿದೆ ಎಂದೂ, ಮತ್ತೊಂದು ಕಡೆ ಬಾಗಿಲು ಹಿಡಿಯಲು ಜನ ಬೇಕು ಎಂದೂ ಮನಸ್ಸಿಗೆ ಬಂದಂತೆ ಬರೆದಿದ್ದಳು. ಹೀಗೆ ಬರೆದರೆ ಯಾರೂ ಹುಡುಕಲಾರರು ಎಂದು ಅವರೆಂದದ್ದು ಸರಿಯೇ. ಅದಕ್ಕೇ ಆಕೆ ಎಲ್ಲವನ್ನೂ ಮೂರು ಗೋಲಕ್ಕೆ ಇಳಿಸಿದ್ದಳು. ಮುಂದಿನ ಶನಿವಾರದ ಸಭೆಯಲ್ಲಿ ಒಳಗಿನ ಚಿಲಕ ಎಂಬ ಹೊಸ ಚೀಟಿಯನ್ನು ಒಪ್ಪಿಸಿಕೊಂಡು, ನೋಟುಬುಕ್ಕಿನಿಂದ ಎಲ್ಲವನ್ನೂ ಒಂದೇ ರೀತಿಯಲ್ಲಿ ತುಂಬುವುದೆಂದು ಲೆಕ್ಕ ಹಾಕಿದ್ದಳು. ಆ ಸಂಜೆ ಕುಳಿತು ತನ್ನ ಹಳೆಯ ಬರಹವನ್ನೆಲ್ಲ ಒಂದೊಂದಾಗಿ ಅಳಿಸಿದಳು. ಹೊಸದು ಒಪ್ಪಿಗೆಯಾಗುವ ಮೊದಲೇ ಹಳೆಯದನ್ನು ಯಾಕೆ ಅಳಿಸುತ್ತೀ ಎಂದು ನಾನು ಕೇಳಿದೆ.

"ಹಳೇದು ಇದ್ರ ಅದನ್ನ ಹಿಡಕೊಂಡ ಜಗಳಾ ತಗೀತಾರಕ್ಕಾ. ಸುಣ್ಣಾ ಹಚ್ಚೂ ಮದ್ಲ ಗ್ವಾಡಿ ಕೆರೀಬೇಕು."

ಸೋಮವಾರ ಶಾಲೆಗೆ ಹೋಗಿ ಬಂದಳು. ಮಂಗಳವಾರ ಚಳಿಜ್ವರ ಬಂತು. ಬುಧವಾರ ಸತ್ತೂರಿನ ಆಸ್ಪತ್ರೆಗೆ ಸೇರಿಸಿದೆ. ಆಕೆಗೆ ಮೊದಲೇ ಸಕ್ಕರೆ ಕಾಯಿಲೆಯಿತ್ತು. ಮೂತ್ರಪಿಂಡದ ಸೋಂಕು ರಕ್ತಕ್ಕೆ ಏರಿದೆ ಎಂದರು. ವೈದ್ಯೆಯೊಬ್ಬಳು, ಚಿಕ್ಕ ವಯಸ್ಸಿನವಳು, ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದಳು: ನಿಮ್ಮ ತಂಗಿ ನೀರು ಕಡಿಮೆ ಕುಡಿಯುತ್ತಿದ್ದರೇ, ಬಹಳ ಹೊತ್ತು ತಡೆದುಕೊಂಡಿರುತ್ತಿದ್ದರೇ? ನಾನು ಹೂಂ ಎಂದೆ. ಇದಕ್ಕೆ ಅದೊಂದೇ ಕಾರಣ ಎಂದು ಆಕೆ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಆಕೆ ಕೇಳಿದ್ದು ಅಷ್ಟು. ಒಂಬತ್ತನೆಯ ದಿನ ಬೆಳಿಗ್ಗೆ ತಂಗಿ ತೀರಿಕೊಂಡಳು.

ಬಿಳಿ ಸೀರೆ ಉಟ್ಟು, ಬುದ್ಧನ ಫೋಟೋದ ಮುಂದೆ ಮೇಣದಬತ್ತಿ ಹಚ್ಚಿ ಕಳಿಸಿಕೊಟ್ಟೆವು. ಆಕೆಯ ಶಾಲೆಯ ಹುಡುಗಿಯರು ಸಾಲಾಗಿ ಬಂದು ಹೂವು ಇಟ್ಟರು. ಎದುರುಮನೆಯಾಕೆ ನನ್ನ ಕೈ ಹಿಡಿದು, ವಾರ ವಾರ ಇಬ್ಬರೂ ಸೀರೆ ಪ್ಯಾಟಿಗೆ ಹೋಗುತ್ತಿದ್ದಿರಲ್ಲ ಎಂದು ಅತ್ತಳು. ನನ್ನ ಸುಳ್ಳು ಅಲ್ಲಿಯವರೆಗೆ ಬಂದು ತಲುಪಿತು.

ತಿಂಗಳಾದ ಮೇಲೆ ಗುಂಪಿನ ಹಿರಿಯರು ಮನೆಗೆ ಬಂದರು. ಒಳ್ಳೆಯ ಮನುಷ್ಯ, ಶುದ್ಧ ಧಾರವಾಡದ ಮಾತು. ಸೇಬು ತಂದಿದ್ದರು. ಸಭೆಯಲ್ಲಿ ಎರಡು ನಿಮಿಷ ಮೌನ ಆಚರಿಸಿದೆವು, ಗುಂಪಿನ ಪುಟದಲ್ಲಿ ಆಕೆಯ ಹೆಸರು ಹಾಕಿದ್ದೇವೆ ಎಂದರು. ಒಳಗಿನ ಚಿಲಕದ ಚೀಟಿ ಏನಾಯಿತು ಎಂದು ನಾನು ಕೇಳಿದೆ. ಅವರು ಸೇಬಿನ ಚೀಲವನ್ನು ನನ್ನ ಕಡೆ ಸರಿಸಿದರು.

"ಅದನ್ನ ಸರಳ ಮಾಡೇವ್ರಿ. ಸ್ಥಿತಿ ಅಂತ ಒಂದ ಟ್ಯಾಗ್ ಇಟ್ಟೇವಿ. ಚಲೋ, ಮಧ್ಯಮ, ಕೆಟ್ಟದ್ದು. ಎಲ್ಲಾ ಅದರಾಗ ಬಂತು."

"ನಮ್ಮವು ಯಾವದರಾಗ ಬಂದುವ್ರಿ?"

"ಸದ್ಯಕ್ಕ ಎಲ್ಲಾ ಮಧ್ಯಮ ಅಂತ ಹಾಕೇವಿ. ಮುಂದ ಯಾರರ ಹೋಗಿ ನೋಡಿದ್ರ ತಿದ್ದತಾರ."

ಸಿಮೆಂಟಿನ ಚೀಲ ಮಧ್ಯಮ. ಕಾವಲಿನವನ ಮಂಚ ಮಧ್ಯಮ. ಹಲ್ಲು ಕಿರಿದವನ ಹೊರಗಿನ ಚಿಲಕ ಮಧ್ಯಮ. ತಂಗಿಯ ಹಳೆಯ ಬರಹವೋ ಆಕೆಯ ಕೈಯಿಂದಲೇ ಅಳಿಸಿ ಹೋಗಿತ್ತು. ನೋಟುಬುಕ್ಕು ನನ್ನ ಟ್ರಂಕಿನಲ್ಲಿತ್ತು. ಅದನ್ನು ತೆಗೆದುಕೊಂಡು ಮುಂದಿನ ಶನಿವಾರ ಅರ್ಧ ದಿನ ರಜೆ ಹಾಕಿ ನಾನೇ ವಿದ್ಯಾನಗರಕ್ಕೆ ಹೋದೆ. ಆಕೆಯ ಗೋಲಗಳು ನಕಾಶೆಗೆ ಹೋಗಬೇಕು, ಅಷ್ಟೇ ನನಗೆ ಬೇಕಿದ್ದದ್ದು.

ಆ ಕೋಣೆ ನನಗೆ ಹೊಸದಲ್ಲ. ಮೊದಲು ಎರಡು ಸಲ ತಂಗಿಯ ಜೊತೆ ಹೋಗಿ ಹಿಂದಿನ ಕುರ್ಚಿಯಲ್ಲಿ ಕುಳಿತಿದ್ದೆ. ಒಂದು ಸಲ ಮಧ್ಯಾಹ್ನವಿಡೀ ಅವರು ಚಹಾದಂಗಡಿಯ ಬಗ್ಗೆ ವಾದ ಮಾಡಿದ್ದರು. ನಿಂತು ಕುಡಿಯುವ ಅಂಗಡಿ, ಕುಳಿತು ಕುಡಿಯುವ ಅಂಗಡಿ, ಎರಡೂ ಒಂದೇ ಚೀಟಿಗೆ ಬರುತ್ತವೆಯೇ ಎಂದು. ಮಿರ್ಚಿ ಗಿರಮಿಟ್ಟಿನ ಬಂಡಿಯನ್ನು ಎಲ್ಲಿ ಸೇರಿಸಬೇಕೆಂದು. ಕೊನೆಗೆ ಸ್ಟೂಲು ಇದೆ, ಸ್ಟೂಲು ಇಲ್ಲ ಎಂಬ ಚೀಟಿಯನ್ನು ಎಲ್ಲರೂ ಕೈಯೆತ್ತಿ ಒಪ್ಪಿ, ಅದೇ ಸಂತೋಷಕ್ಕೆ ಚಹಾ ತರಿಸಿದರು. ಗಂಡಸರು ಕುಂಡೆ ಊರಲು ಸ್ಟೂಲು ಇದೆಯೇ ಇಲ್ಲವೇ ಎಂಬುದು ಇಡೀ ಜಗತ್ತಿಗೆ ತಿಳಿಯಬೇಕಿತ್ತು. ಅದು ಮುಗಿದ ಮೇಲೆ ತಂಗಿ ಎದ್ದು ಚಿಲಕದ ಮಾತು ತೆಗೆದಳು. ಆಗ ಒಬ್ಬ, ಕನ್ನಡಕದವನು, ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಅಂದದ್ದು ನನಗೆ ಅಕ್ಷರಶಃ ನೆನಪಿದೆ.

"ಅಕ್ಕೋರ, ಈ ವಿಷಯದಾಗ ನಿಮ್ಮ ಮಂದಿಗೆ ಇದ್ದಷ್ಟ ಅನುಭವ ನಮಗೆಲ್ಲಿಂದ ಬರಬೇಕ್ರಿ. ನೀವ ಬರ್ಕೋರಿ."

ಇಬ್ಬರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಿಮ್ಮ ಮಂದಿ ಎಂದರೆ ಯಾರು ಎಂಬುದನ್ನು ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಮ್ಮಜ್ಜಿ ತೊಳೆದ ಹೊಲಸು ನೀರು ಹಾಕಿದರೆ ಹೋಗುತ್ತಿತ್ತು. ಈ ಮಾತು ಹೋಗಿಲ್ಲ. ತಂಗಿ ಮಾತ್ರ ಧ್ವನಿ ಏರಿಸಲಿಲ್ಲ.

"ಅನುಭವ ಬೇಕಂದ್ರ ಐತವಾರ ಬರ್ರಿ ಸರ. ಬಾಗಲಾ ಹಿಡ್ಯಾಕ ಒಬ್ಬರು ಬೇಕಾಗ್ಯಾರ."

ಈಗ ಅದೇ ಕನ್ನಡಕದವನು ನನಗೆ ಕುರ್ಚಿ ಸರಿಸಿ ಕೊಟ್ಟ. ನೋಟುಬುಕ್ಕು ಕೈಯಿಂದ ಕೈಗೆ ಹೋಯಿತು. ಅಕ್ಷರ ಬಹಳ ಚೆನ್ನಾಗಿದೆ ಎಂದರು. ಆಮೇಲೆ ಅಡ್ಡಿಗಳು ಬಂದವು. ತೀರಿಕೊಂಡವರ ಟಿಪ್ಪಣಿಯಿಂದ ತುಂಬುವುದು ನಿಯಮವಲ್ಲ, ತುಂಬುವವರೇ ಸ್ಥಳಕ್ಕೆ ಹೋಗಿ ನೋಡಿರಬೇಕು ಎಂದ ಒಬ್ಬ. ಪ್ರತಿ ಸಲ ನಾನು ಜೊತೆಗಿದ್ದೆ, ದೂಡಿದ್ದು ಇದೇ ಕೈ ಎಂದೆ. ತುಂಬಿದ ಗೋಲ, ಖಾಲಿ ಗೋಲ ತಿಳಿಯಿತು, ಈ ಅರ್ಧ ಗೋಲ ಮಾತ್ರ ಅಳತೆಗೆ ಸಿಗುವುದಿಲ್ಲ ಎಂದರು ಹಿರಿಯರು. ಒಬ್ಬರು ಹಿಡಿಯಬೇಕು ಎನ್ನುವುದು ಅವರವರ ಅನಿಸಿಕೆಯಾಯಿತು, ಅನಿಸಿಕೆಗೆ ಚೀಟಿ ಮಾಡಲು ಬರುವುದಿಲ್ಲ ಎಂದರು. ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಅದೇ ನನಗೆ ಇನ್ನಷ್ಟು ಹೇಸಿಗೆ ತಂದಿತು. ಅಷ್ಟು ಓದಿದ ಮನುಷ್ಯನಿಗೆ ಈ ಒಂದು ವಿಷಯ ನಿಜವಾಗಿಯೂ ಗೊತ್ತಿರಲಿಲ್ಲ.

ಎರಡು ಗಂಟೆ ಹೀಗೇ ಹೋಯಿತು. ಬೆಳಿಗ್ಗೆ ಕಚೇರಿಗೆ ಹೊರಟಾಗಿನಿಂದ ನಾನು ಎಲ್ಲಿಯೂ ಶೌಚಕ್ಕೆ ಹೋಗಿರಲಿಲ್ಲ. ಎದ್ದು, ಇಲ್ಲಿ ಶೌಚಾಲಯ ಎಲ್ಲಿದೆ ಎಂದು ಕೇಳಿದೆ. ಮೆಟ್ಟಿಲಿನ ನಡುವೆ ಇದೆ ಎಂದು ಹಿರಿಯರು ತೋರಿಸಿದರು. ನಾನು ಬಾಗಿಲು ದಾಟುವಷ್ಟರಲ್ಲಿ ಮೂಲೆಯಲ್ಲಿ ಕುಳಿತಿದ್ದ ಕಾಲೇಜು ಹುಡುಗಿ, ಗುಂಪಿನಲ್ಲಿ ಈಗ ಇರುವ ಒಬ್ಬಳೇ ಹೆಣ್ಣು, ಲ್ಯಾಪ್‌ಟಾಪ್ ಮುಚ್ಚಿ ಎದ್ದಳು.

"ತಡೀರಿ ಅಕ್ಕಾ, ನಾ ಬರ್ತೇನಿ."

ಕನ್ನಡಕದವನು ನಗುತ್ತ, ಹಾದಿ ತಪ್ಪುವಷ್ಟು ದೂರವಿಲ್ಲ, ಇಬ್ಬಿಬ್ಬರು ಯಾಕೆ ಎಂದ. ಹುಡುಗಿ ನಿಂತಳು. ಮುಖ ಕೆಂಪಾಗಿತ್ತು.

"ಅದಕ್ಕ ಒಳಗ ಚಿಲಕಿಲ್ರಿ. ಒಬ್ಬರು ಹಿಡೀಬೇಕು. ತೀರಿಕೊಂಡ್ರಲ್ಲ ಅಕ್ಕೋರು, ಅವರ ಹಿಡೀತಿದ್ರು ನನಗ. ನಾ ಅವರಿಗೆ ಹಿಡೀತೇನಿ ಅಂದ್ರ ಬ್ಯಾಡ ಅಂತಿದ್ರು, ಗಂಡಸರು ಏರಿ ಇಳೀತಾರ ಅಂತ. ಮನಿಗೆ ಹೋಗೂ ತನಾ ತಡಕೋತಿದ್ರು."

ಎರಡು ವರ್ಷ ತಂಗಿ ಚಿಲಕದ ಮಾತು ಆಡಿದ್ದು ಚಿಲಕವಿಲ್ಲದ ಈ ಬಾಗಿಲಿನಿಂದ ಹತ್ತು ಮೆಟ್ಟಿಲ ದೂರದಲ್ಲಿ ಕುಳಿತು. ನನಗೂ ಅದನ್ನು ಹೇಳಿರಲಿಲ್ಲ. ನಾವು ಕೆಳಗಿಳಿದೆವು. ನಾನು ಮೂರು ಸಲ ಕೆಮ್ಮಿ ಒಳಗೆ ಹೋದೆ. ನೆಲದ ಮೇಲೆ ಬೀಡಿಯ ತುಂಡುಗಳು, ಗೋಡೆಗೆ ಎಲೆಅಡಿಕೆಯ ಉಗುಳು. ಚಿಲಕವಿದ್ದ ಕಡೆ ನಾಲ್ಕು ಮೊಳೆಯ ತೂತು. ಹುಡುಗಿ ಹೊರಗಿನಿಂದ ಹಿಡಿಕೆ ಜಗ್ಗಿ ಹಿಡಿದಿದ್ದಳು. ಮೇಲಿನಿಂದ ಯಾರೋ ಇಳಿದು ಬಂದ ಸಪ್ಪಳವಾಯಿತು, ಬಾಗಿಲು ಒಂದು ಬೆರಳಷ್ಟು ಅಲುಗಿತು, ಮತ್ತೆ ಬಿಗಿಯಾಯಿತು. ಅರ್ಧ ಗೋಲವನ್ನು ಇದಕ್ಕಿಂತ ಸರಿಯಾಗಿ ನಾನು ಯಾರಿಗೂ ತೋರಿಸಲಾರೆ.

ಹೊರಗೆ ಬಂದಾಗ ಹಿರಿಯರು ಮೆಟ್ಟಿಲ ಮೇಲೆ ನಿಂತಿದ್ದರು. ಬಾಗಿಲಿನ ತೂತುಗಳನ್ನು ಬಗ್ಗಿ ನೋಡಿದರು. ಇಷ್ಟು ವರ್ಷ ನನಗೆ ಕಾಣಲೇ ಇಲ್ಲ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಮುಂದಿನ ಸಭೆಯಲ್ಲಿ ಇದನ್ನು ಖಂಡಿತ ತೀರ್ಮಾನ ಮಾಡುತ್ತೇವೆ ಎಂದು ಕೈ ಮುಗಿದರು. ನಾನು ನಂಬಿದೆ. ನೋಟುಬುಕ್ಕನ್ನು ಹುಡುಗಿಯ ಕೈಗೆ ಕೊಟ್ಟು ಬಂದೆ.

ಹದಿನೈದು ದಿನಕ್ಕೆ ಅವರ ಫೋನು ಬಂತು. ಧ್ವನಿಯಲ್ಲಿ ಸಂತೋಷವಿತ್ತು.

"ಕೆಲಸ ಆತ್ರೀ ಅಕ್ಕಾರ. ಹಿತ್ತಾಳಿ ಚಿಲಕಾ ಹಚ್ಚಿಸೇವಿ, ಒಳಗ. ಗ್ವಾಡೀನೂ ತೊಳಿಸೇವಿ. ನಿಮ್ಮ ತಂಗಿ ನೆನಪಿಗೆ ಅಂತ ಬಾಗಲದ ಮ್ಯಾಲ ಅವರ ಹೆಸರಿನ ಸಣ್ಣ ಪಾಟಿ ಹಾಕೂಣಂತ ಎಲ್ಲಾರೂ ಅನ್ನಾಕತ್ತಾರ."

ಚೀಟಿ ಏನಾಯಿತು ಎಂದೆ. ಅದರ ಬಗ್ಗೆ ಒಮ್ಮತ ಬರಲಿಲ್ಲ, ಮುಂದೂಡಿದ್ದೇವೆ ಎಂದರು. ಪಾಟಿ ಬೇಡ ಎಂದು ನಾನು ಫೋನು ಇಟ್ಟೆ. ಶೌಚಾಲಯದ ಬಾಗಿಲಿಗೆ ಆಕೆಯ ಹೆಸರು ಬರೆಯಲು ಅವರಿಗೆ ಒಮ್ಮತ ಬಂದಿತ್ತು. ತಮ್ಮ ಬಾಗಿಲಿಗೆ ಚಿಲಕ ಬಿದ್ದ ದಿನವೇ ಅವರ ಪಾಲಿಗೆ ಊರಿನ ಎಲ್ಲ ಬಾಗಿಲೂ ಭದ್ರವಾಗಿ ಹೋಗಿದ್ದವು. ಆ ಹೊಸ ಚಿಲಕವನ್ನು ನೋಡಲು ನಾನು ಹೋಗಿಲ್ಲ.

ಹುಡುಗಿ ಒಮ್ಮೆ ಮನೆಗೆ ಬಂದು ನೋಟುಬುಕ್ಕು ಮರಳಿ ಕೊಟ್ಟಳು. ತಾನು ಒಬ್ಬಳೇ ಕೆಲವನ್ನು ತುಂಬಿದ್ದೆ, ಒಪ್ಪಿಗೆಯಿಲ್ಲದ ಚೀಟಿ ಎಂದು ಯಾರೋ ಮಾರನೆಯ ದಿನವೇ ತೆಗೆದರು ಎಂದಳು. ಪರೀಕ್ಷೆ ಮುಗಿದ ಮೇಲೆ ಮತ್ತೆ ಕೇಳುತ್ತಾಳಂತೆ. ಚಹಾ ಕೊಟ್ಟೆ. ಇಲ್ಲಿ ಚಿಲಕವಿದೆ, ಪೂರ್ತಿ ಕುಡಿ ಎಂದೆ. ಕುಡಿದಳು.

ಕಳೆದ ಭಾನುವಾರ ಬೀಗ ಹಾಕುವಾಗ ಎದುರುಮನೆಯಾಕೆ ಎಲ್ಲಿಗೆ ಎಂದು ಕೇಳಿದಳು. ಸಂತೆಯ ಹಿಂದಿನ ಶೌಚಾಲಯ ನೋಡಲು ಎಂದು ಹೇಳಿದೆ. ಆಕೆ ಪಲ್ಲೆ ಬಿಡಿಸುವುದನ್ನು ನಿಲ್ಲಿಸಿದಳು. ಅಲ್ಲಿ ಹೋಗಿ ಮೂಗಿಗೆ ಸೆರಗು ಹಿಡಿದು ಕೆಮ್ಮಿದೆ. ಒಳಗೆ ಚಿಲಕವಿತ್ತು, ತುಕ್ಕು ಹಿಡಿದದ್ದು. ಹಾಕಿಕೊಂಡೆ. ಅದು ದೂಡಿದರೆ ನಿಲ್ಲುತ್ತದೆಯೋ ಇಲ್ಲವೋ ತಿಳಿಯಲು ಹೊರಗೆ ಒಬ್ಬರು ಬೇಕಿತ್ತು. ಸ್ವಲ್ಪ ಹೊತ್ತು ನಿಂತು ಹೊರಗೆ ಬಂದೆ.

ನೋಟುಬುಕ್ಕಿನ ಆ ಸಾಲಿನಲ್ಲಿ ಗೋಲವಿಲ್ಲ. ನಕಾಶೆಯಲ್ಲಿ ಒಳಗಿನ ಚಿಲಕಕ್ಕೆ ಇನ್ನೂ ಚೀಟಿಯಿಲ್ಲ.